ಹಿಂದಿನ ಚಕ್ರದ ಟೋ ನೋಡಿಸಿದ್ರಾ?

ಹಿಂದಿನ ಸಸ್ಪೆನ್ಷನ್‌ಗೆ ಹೊಸ ಭಾಗ ಹಾಕಿಸಿಕೊಂಡವರು ಬಂದು "ಕಾರು ಮೊದಲಿಗಿಂತ ಜಾಸ್ತಿ ಹೆದರಿಸ್ತಿದೆ ಸಾರ್" ಅನ್ನುತ್ತಾರೆ. ಅಲೈನ್‌ಮೆಂಟ್ ಮಾಡಿಸಿದ್ರಾ ಅಂತ ಕೇಳಿದರೆ ಚೀಟಿ ತೆಗೆದು ತೋರಿಸುತ್ತಾರೆ. ಅದರಲ್ಲಿ ಮುಂದಿನ ಎರಡು ಚಕ್ರದ ಅಂಕಿ ಮಾತ್ರ ಇರುತ್ತದೆ. ಬದಲಿಸಿದ್ದು ಹಿಂದೆ, ಸರಿ ಮಾಡಿಸಿದ್ದು ಮುಂದೆ. ಏನು ಹೇಳೋದು!

ಹಾಕಿಸುವುದು ಏನು? ಕಾರನ್ನು ತಗ್ಗಿಸುವ ಲೋಯರಿಂಗ್ ಸ್ಪ್ರಿಂಗ್, ಉದ್ದ ಹೊಂದಿಸಬಹುದಾದ ಕ್ಯಾಂಬರ್ ಆರ್ಮ್, ಪಾಲಿಯುರೆಥೇನ್ ಬುಶ್ (ಕೀಲಿನಲ್ಲಿ ರಬ್ಬರಿನ ಜಾಗಕ್ಕೆ ಕೂರುವ ಗಟ್ಟಿ ಪ್ಲಾಸ್ಟಿಕ್ ತೋಳು), ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ದಪ್ಪ ಆ್ಯಂಟಿ-ರೋಲ್ ಬಾರ್. ಯಾವ ಕಂಪನಿಯದು ಚೆನ್ನ ಅನ್ನೋದು ನನಗಿಂತ ಈ ಹುಡುಗರಿಗೇ ಚೆನ್ನಾಗಿ ಗೊತ್ತು. ಅದು ಅವರಿಗೇ ಇರಲಿ. ನಾನು ಟೋ ವಿಷಯ ಹೇಳುತ್ತೇನೆ. ಟೋ ಅಂದರೆ ಮೇಲಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಅನ್ನೋದು. ಯಾಕಂದರೆ ಅದನ್ನು ಯಾರೂ ಕೇಳುವುದಿಲ್ಲ.

ನಾಲ್ಕು ಚಕ್ರಕ್ಕೂ ಸ್ವತಂತ್ರ ಸಸ್ಪೆನ್ಷನ್ ಇರುವ ಕಾರು ಅಂದುಕೊಳ್ಳಿ. ಕಾರನ್ನು ತಗ್ಗಿಸಿದರೆ ಹಿಂದಿನ ಚಕ್ರದ ತಲೆ ಒಳಕ್ಕೆ ವಾಲುತ್ತದೆ. ಅದು ಕ್ಯಾಂಬರ್. ಕಣ್ಣಿಗೆ ಕಾಣುತ್ತದೆ, ಅದಕ್ಕೇ ಎಲ್ಲರೂ ಕ್ಯಾಂಬರ್ ಆರ್ಮ್ ಕೊಳ್ಳುತ್ತಾರೆ. ಆರ್ಮ್ ತಿರುಗಿಸಿ ಚಕ್ರವನ್ನು ನೆಟ್ಟಗೆ ಮಾಡುತ್ತಾರೆ. ಆದರೆ ಟೋ ಹಿಡಿದಿಡುವ ಸರಳು, ಅಂದರೆ ಟೋ ಲಿಂಕ್‌ನ ಉದ್ದ ಇದ್ದಷ್ಟೇ ಇದೆ, ಅಲ್ವಾ? ಚಕ್ರದ ತಲೆ ಜರುಗಿದಾಗ ಆ ಲಿಂಕ್ ಚಕ್ರದ ಮುಂದಿನ ಅಂಚನ್ನೋ ಹಿಂದಿನ ಅಂಚನ್ನೋ ಹಿಡಿದು ನಿಲ್ಲಿಸುತ್ತದೆ. ಚಕ್ರ ಎಡಕ್ಕೋ ಬಲಕ್ಕೋ ಸ್ವಲ್ಪ ತಿರುಗಿಬಿಡುತ್ತದೆ. ಕ್ಯಾಂಬರ್ ಮುಟ್ಟಿದರೆ ಟೋ ಕೆಡುತ್ತದೆ. ಯಾವ ಕಡೆಗೆ, ಎಷ್ಟು ಅನ್ನೋದು ಕಾರಿಂದ ಕಾರಿಗೆ ಬೇರೆ. ಕೆಡುವುದಂತೂ ಕೆಡುತ್ತದೆ.

ಟೈರಿನ ಒಳ ಅಂಚು ಸವೆದರೆ ಎಲ್ಲರೂ ಕ್ಯಾಂಬರನ್ನೇ ಬೈಯುತ್ತಾರೆ. ಟೋ ಸರಿಯಿದ್ದರೆ ಒಂದೂವರೆ ಡಿಗ್ರಿ ಕ್ಯಾಂಬರ್ ಇದ್ದರೂ ಟೈರು ಸಾಮಾನ್ಯವಾಗಿ ಚೆನ್ನಾಗಿಯೇ ಬಾಳುತ್ತದೆ. ಅದೇ ಟೋ ಚಕ್ರಕ್ಕೆ ಅರ್ಧ ಡಿಗ್ರಿ ತಪ್ಪಿದ್ದರೆ? ಲೆಕ್ಕ ಹಾಕಿ. ಪ್ರತಿ ಕಿಲೋಮೀಟರಿಗೆ ಸುಮಾರು 8.7 ಮೀಟರ್ ಅಡ್ಡಕ್ಕೆ ಎಳೆದ ಹಾಗೆ. ಸಾವಿರ ಕಿಲೋಮೀಟರ್ ಓಡಿಸಿದರೆ ಸುಮಾರು 9 ಕಿಲೋಮೀಟರ್ ಅಡ್ಡ ಎಳೆತ! ಕ್ಯಾಂಬರ್ ಭಾರವನ್ನು ಒಳ ಅಂಚಿಗೆ ತಳ್ಳುತ್ತದೆ, ಟೋ ಆ ಅಂಚನ್ನು ಉಜ್ಜುತ್ತದೆ.

ಟೈರು ಹೋದರೆ ಹೊಸದು ಬರುತ್ತದೆ. ನನಗೆ ಭಯ ಇರುವುದು ಇನ್ನೊಂದಕ್ಕೆ. ಹಿಂದಿನ ಚಕ್ರಗಳ ಮುಂಭಾಗ ಸ್ವಲ್ಪ ಒಳಮುಖವಾಗಿದ್ದರೆ, ಅಂದರೆ ಟೋ-ಇನ್ ಇದ್ದರೆ, ಕಾರಿನ ಹಿಂಭಾಗ ನೆಟ್ಟಗೆ ಹಿಂಬಾಲಿಸುತ್ತದೆ. ಹೊರಮುಖವಾದರೆ, ತಿರುವಿನಲ್ಲಿ ಭಾರ ಬೀಳುವ ಹೊರಗಿನ ಚಕ್ರ ಹಿಂಭಾಗವನ್ನು ಹೊರಕ್ಕೇ ಒಯ್ಯುತ್ತದೆ. ಒದ್ದೆ ರಸ್ತೆ, ತಿರುವಿನ ನಡುವೆ ಗಾಬರಿಯಾಗಿ ಆಕ್ಸಿಲರೇಟರಿಂದ ಕಾಲು ತೆಗೆದಿರಿ. ಮುಂದಿನದನ್ನು ನಾನು ಬರೆಯಬೇಕಾಗಿಲ್ಲ.

ದೊಡ್ಡ ಕಂಪನಿಗಳೂ ಇದೇ ವಿಷಯಕ್ಕೆ ತಲೆ ಕೆಡಿಸಿಕೊಂಡಿವೆ. 1977ರಲ್ಲಿ ಬಂದ ಪೋರ್ಶೆ 928 ಕಾರಿನ ಹಿಂದಿನ ಸಸ್ಪೆನ್ಷನ್, ಅಂದರೆ ವೈಸಾಖ್ ಆಕ್ಸಲ್ ನೋಡಿ. ಕಾಲು ತೆಗೆದಾಗ, ಬ್ರೇಕ್ ಹಾಕಿದಾಗ ಹಿಂದಿನ ಚಕ್ರ ಹೊರಮುಖವಾಗದೆ ಒಳಮುಖವಾಗಲಿ ಅಂತಲೇ ಮಾಡಿದ್ದು ಅದು. ಬುಶ್‌ನ ಮೆದುತನವನ್ನೂ ಎಂಜಿನಿಯರುಗಳು ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ. ದುಡ್ಡು ಉಳಿಸಲು ರಬ್ಬರ್ ಹಾಕಿದ್ದಾರೆ ಅಂತ ಸುಮ್ನೆ ಎಲ್ಲವನ್ನೂ ಕಿತ್ತು ಗಟ್ಟಿ ಮಾಡಬೇಡಿ. ಎರಡು ಮೂರು ದಿಕ್ಕಿಗೆ ಹೊರಳಬೇಕಾದ ಟ್ರೇಲಿಂಗ್ ಆರ್ಮ್‌ಗೆ (ಹಿಂದಿನ ಚಕ್ರವನ್ನು ಮುಂದಿನಿಂದ ಹಿಡಿದಿರುವ ತೋಳು) ಪಾಲಿ ಬುಶ್ ಹಾಕಿದರೆ ಅದು ಅಲ್ಲೇ ಬಿಗಿದುಕೊಳ್ಳಬಹುದು.

ಒಬ್ಬ ಹುಡುಗ ಬಂದಿದ್ದ. ಒಳ್ಳೆಯವನು, ಕಾರಿನ ಮೇಲೆ ಪ್ರಾಣ. ನೇರ ಹೋಗುವಾಗ ಸ್ಟೀರಿಂಗ್ ಸೊಟ್ಟ ನಿಲ್ಲುತ್ತೆ ಅಂತ ಊರೆಲ್ಲ ಸುತ್ತಿ ಮುಂದಿನ ಟೋ ತಿರುಗಿಸಿದ್ದೇ ತಿರುಗಿಸಿದ್ದು. ಒಂದು ವಾರ ಸರಿ, ಆಮೇಲೆ ಮತ್ತೆ ಅದೇ ಕಥೆ. ಹಿಂದೆ ನೋಡಿದರೆ ಎಡ ಚಕ್ರದ ಟೋ ಒಂದು, ಬಲದ್ದು ಇನ್ನೊಂದು. ಎರಡೂ ಸಮ ಇಲ್ಲದಿದ್ದರೆ ಹಿಂಭಾಗ ಕಾರನ್ನು ಓರೆಯಾಗಿ ತಳ್ಳುತ್ತದೆ, ನೀವು ಮುಂದೆ ಸ್ಟೀರಿಂಗ್ ಸೊಟ್ಟ ಹಿಡಿದು ಸರಿದೂಗಿಸುತ್ತೀರಿ. ಮತ್ತೆ ಮತ್ತೆ ಕೆಡುತ್ತಿದ್ದದ್ದು ಯಾಕೆ? ಆರ್ಮ್‌ನ ಉದ್ದ ಜರುಗದಂತೆ ಹಿಡಿಯುವ ಲಾಕ್‌ನಟ್ ಬಿಗಿ ಮಾಡಿರಲಿಲ್ಲ. ಅವನಿಗೆ ನಗು ಬಂತು, ನನಗೆ ಬರಲಿಲ್ಲ.

ಹಾಗಾಗಿ ಕ್ರಮ ಇಷ್ಟೇ. ರಬ್ಬರ್ ಬುಶ್ ಇರುವ ಬೋಲ್ಟುಗಳನ್ನು ಲಿಫ್ಟಿನಲ್ಲಿ ಚಕ್ರ ಜೋತಾಡುವಾಗ ಕೊನೆಯ ಬಿಗಿ ಕೊಡಬೇಡಿ. ಕಾರಿನ ಭಾರ ಚಕ್ರದ ಮೇಲೆ ಇರುವಾಗ ಬಿಗಿ ಮಾಡಿ, ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆಮೇಲೆ ಹಿಂದಿನ ಕ್ಯಾಂಬರ್, ಆಮೇಲೆ ಹಿಂದಿನ ಟೋ, ಕೊನೆಗೆ ಮುಂದಿನದು. ಎಷ್ಟಿರಬೇಕು ಅಂತ ಕೇಳಿದರೆ ಮೊದಲು ಕಾರಿನ ಕೈಪಿಡಿ ನೋಡಿ ಅನ್ನುತ್ತೇನೆ. ರಸ್ತೆಯ ಕಾರಿಗೆ ನಾನು ಸಾಮಾನ್ಯವಾಗಿ ಶುರು ಮಾಡುವುದು ಚಕ್ರಕ್ಕೆ 0.1 ಡಿಗ್ರಿ ಟೋ-ಇನ್‌ನಿಂದ. 650 ಮಿಲಿಮೀಟರ್ ವ್ಯಾಸದ ಟೈರಿನಲ್ಲಿ ಅದು 1 ಮಿಲಿಮೀಟರ್ ಚಿಲ್ಲರೆ. ಕಣ್ಣಂದಾಜಿನಲ್ಲಿ, ದಾರ ಹಿಡಿದು ಅವಸರದಲ್ಲಿ ಆಗುವ ಕೆಲಸ ಅಲ್ಲ.

ಚೀಟಿ ಕೈಗೆ ಬಂದಾಗ ಹಿಂದಿನ ಎಡ, ಹಿಂದಿನ ಬಲ ಎರಡರ ಅಂಕಿಯೂ ಬೇರೆ ಬೇರೆ ಇದೆಯೇ ನೋಡಿ. ಒಟ್ಟು ಮೊತ್ತ ಮಾತ್ರ ಬರೆದು ಕೊಟ್ಟರೆ ಹಣ ಕೊಡುವ ಮೊದಲೇ ಕೇಳಿ. ಲಾಕ್‌ನಟ್‌ಗಳ ಮೇಲೆ ಬಣ್ಣದ ಗೆರೆ ಹಾಕಿಸಿಕೊಳ್ಳಿ. ಗೆರೆ ಜರುಗಿದ್ದರೆ ಕಾರನ್ನು ಜೋರಾಗಿ ಓಡಿಸದೆ ತನ್ನಿ.