ಒಂದು ಗೇಣು ಡಿಕ್ಕಿ ಹೋದ ಕಥೆ: ನಮ್ಮ ಕಾರುಗಳು ನಾಲ್ಕು ಮೀಟರಿಗೇ ಯಾಕೆ ನಿಂತ್ವು

ನಮ್ಮ ಸೋದರಮಾವನ ಹತ್ರ ಒಂದು ಹಳೇ ಟೊಯೊಟಾ ಎಟಿಯೋಸ್ ಇದೆ, 2013ರ ಡೀಸೆಲ್ ಗಾಡಿ. ಊರಿಂದ ಬೆಂಗಳೂರಿಗೆ ಹೊರಡೋವಾಗ ಅದರ ಡಿಕ್ಕಿಗೆ 25 ಕೆಜಿ ಅಕ್ಕಿ ಮೂಟೆ ಎರಡು, ಒಂದು ಬಾಳೆಗೊನೆ, ಇಬ್ಬರ ಸೂಟ್‌ಕೇಸು, ಅತ್ತೆ ಕಟ್ಟಿಕೊಡೋ ಉಪ್ಪಿನಕಾಯಿ ಡಬ್ಬಗಳು ಎಲ್ಲಾ ಹಾಕಿದ್ರೂ ಬಾಗಿಲು ಸಲೀಸಾಗಿ ಮುಚ್ಚುತ್ತೆ. ಹೋದ ವರ್ಷ ತಮ್ಮ ಒಂದು ಕಾಂಪ್ಯಾಕ್ಟ್ ಸೆಡಾನ್ ತಗೊಂಡ, ಸಿಎನ್‌ಜಿದು, ಅದೇ ಅಂಗಳದಲ್ಲಿ ಅದೇ ಸಾಮಾನು ತುಂಬೋಕೆ ಹೋದ್ರೆ ಸಿಲಿಂಡರ್ ಕೂತ ಮೇಲೆ ಉಳಿದ ಜಾಗದಲ್ಲಿ ಒಂದು ಮೂಟೆನೂ ನೆಟ್ಟಗೆ ಕೂರಲಿಲ್ಲ, ಬಾಳೆಗೊನೆ ಹಿಂದಿನ ಸೀಟಲ್ಲಿ ಅಜ್ಜಿ ಪಕ್ಕ ಬಂತು. ಎರಡೂ ಗಾಡಿ ಅಕ್ಕಪಕ್ಕ ನಿಲ್ಲಿಸಿ ಮಾವ ಟೇಪ್ ತಂದ್ರು. ಬಂಪರಿಂದ ಬಂಪರಿಗೆ ಎಟಿಯೋಸ್ 4265 ಮಿಲಿಮೀಟರ್, ತಮ್ಮನ ಗಾಡಿ 3995. ವ್ಯತ್ಯಾಸ 270. ನಾನು ಕೈ ಇಟ್ಟು ನೋಡಿದೆ, ಒಂದು ಗೇಣು, ಮೇಲೆ ಎರಡು ಬೆರಳು.

ಈ ಒಂದು ಗೇಣನ್ನ ಕಿತ್ಕೊಂಡಿದ್ದು ಯಾವ ಇಂಜಿನಿಯರೂ ಅಲ್ಲ, ಡಿಸೈನರೂ ಅಲ್ಲ. 2006ರ ಫೆಬ್ರವರಿ 28ನೇ ತಾರೀಕು ಪಾರ್ಲಿಮೆಂಟಲ್ಲಿ ಓದಿದ ಬಜೆಟ್‌ನ ಒಂದು ಸಾಲು ಅದು.

ಆಗ ಹಣಕಾಸು ಮಂತ್ರಿ ಆಗಿದ್ದವರು ಪಿ. ಚಿದಂಬರಂ. ಅಲ್ಲಿ ತನಕ ಕಾರು ಅಂದ್ರೆ ಕಾರು, ಚಿಕ್ಕದಿರಲಿ ದೊಡ್ಡದಿರಲಿ ಶೇ. 24 ಎಕ್ಸೈಸ್ ಡ್ಯೂಟಿ, ಅಂದ್ರೆ ಫ್ಯಾಕ್ಟರಿಯಲ್ಲೇ ಬೀಳೋ ತೆರಿಗೆ. ಆ ಬಜೆಟ್ಟಲ್ಲಿ ಸಣ್ಣ ಕಾರಿಗೆ ಅಂತ ಬೇರೆ ದರ ಬಂತು, ಶೇ. 16. ಭಾರತ ಸಣ್ಣ ಕಾರು ತಯಾರಿಸೋ ಕೇಂದ್ರ ಆಗಬೇಕು, ಇಲ್ಲಿಂದ ಹೊರದೇಶಕ್ಕೂ ಕಾರು ಹೋಗಬೇಕು ಅನ್ನೋದು ಉದ್ದೇಶ, ಒಳ್ಳೇ ಉದ್ದೇಶನೇ. ಆದ್ರೆ ಸಣ್ಣ ಕಾರು ಅಂದ್ರೆ ಯಾವುದು ಅಂತ ಕಾನೂನಲ್ಲಿ ಬರೀಬೇಕಲ್ಲ, ಅಲ್ಲಿ ಎರಡು ಅಳತೆ ಇಟ್ರು: ಉದ್ದ 4000 ಮಿಲಿಮೀಟರ್ ದಾಟಬಾರದು, ಇಂಜಿನ್ ಪೆಟ್ರೋಲ್ ಆದ್ರೆ 1200 ಸಿಸಿ, ಡೀಸೆಲ್ ಆದ್ರೆ 1500 ಸಿಸಿ ಒಳಗಿರಬೇಕು. ಎರಡೂ ಷರತ್ತು ಒಟ್ಟಿಗೇ ಪಾಸಾಗಬೇಕು, ಒಂದು ತಪ್ಪಿದ್ರೂ ದೊಡ್ಡ ಕಾರಿನ ತೆರಿಗೆ. ಗಾಡಿ ಎಷ್ಟು ಹೊಗೆ ಬಿಡುತ್ತೆ, ಎಷ್ಟು ಮೈಲೇಜ್ ಕೊಡುತ್ತೆ, ಎಷ್ಟು ತೂಕ ಇದೆ ಅನ್ನೋದು ಆ ಸಾಲಲ್ಲಿ ಎಲ್ಲೂ ಇರಲಿಲ್ಲ. ನನಗೆ ಇಡೀ ಕಥೆಯಲ್ಲಿ ಬೇಜಾರಾಗೋದು ಇದೇ, ಮುಂದಿನ 20 ವರ್ಷ ನಡೆದಿದ್ದೆಲ್ಲಾ ಅಲ್ಲಿಂದಲೇ ಶುರುವಾಗಿದ್ದು.

ಮೊದಲ ಏಟು ಬಿದ್ದಿದ್ದು ಇಂಜಿನ್ ಮೇಲೆ. 2005ರಲ್ಲಿ ಬಂದ ಮಾರುತಿ ಸ್ವಿಫ್ಟ್‌ನಲ್ಲಿ 1.3 ಲೀಟರ್ ಪೆಟ್ರೋಲ್ ಇತ್ತು, 1298 ಸಿಸಿ. ಉದ್ದ ಸರಿಯಾಗಿದ್ರೂ 98 ಸಿಸಿ ಹೆಚ್ಚಾಗಿ ಸಣ್ಣ ಕಾರಿನ ಲೆಕ್ಕದಿಂದ ಆಚೆ. 2010ರಲ್ಲಿ ಅದರ ಜಾಗಕ್ಕೆ 1197 ಸಿಸಿ ಕೆ ಸೀರೀಸ್ ಇಂಜಿನ್ ಬಂತು. ಹ್ಯುಂಡೈ ಗೆಟ್ಸ್‌ಗೆ 1.3 ಜೊತೆ 1.1 ಇಂಜಿನ್ ಸೇರಿಸಿ ಗೆಟ್ಸ್ ಪ್ರೈಮ್ ಅಂತ ತಂದ್ರು. 1.2 ಲೀಟರ್ ಅನ್ನೋ ಸೈಜು ನಮ್ಮಲ್ಲಿ ಇಷ್ಟೊಂದು ಕಾರಲ್ಲಿ ಯಾಕಿದೆ ಅಂತ ಕೇಳೋರಿಗೆ ಉತ್ತರ ಇಷ್ಟೇ.

2008ರ ಬಜೆಟ್ಟಲ್ಲಿ ಸಣ್ಣ ಕಾರಿನ ತೆರಿಗೆ 16ರಿಂದ 12ಕ್ಕೆ ಇಳೀತು, ದೊಡ್ಡದು 24ರಲ್ಲೇ ಇತ್ತು. ಅದೇ ವರ್ಷ ಜನವರಿಯಲ್ಲಿ ದೆಹಲಿಯ ಆಟೋ ಎಕ್ಸ್‌ಪೋದಲ್ಲಿ ಟಾಟಾದವರು ಇಂಡಿಗೋ ಸಿಎಸ್ ತಂದಿದ್ರು. ಸಿಎಸ್ ಅಂದ್ರೆ ಕಾಂಪ್ಯಾಕ್ಟ್ ಸೆಡಾನ್. ಮಾಮೂಲಿ ಇಂಡಿಗೋದ ಬಾಲ ಕತ್ತರಿಸಿ 3988 ಮಿಲಿಮೀಟರಿಗೆ ತಂದು ನಿಲ್ಲಿಸಿದ ಗಾಡಿ, ಹಿಂದಿನ ಗಾಜು ಇಳಿದ ಕೂಡಲೇ ಡಿಕ್ಕಿ ಮುಗಿದೇ ಹೋಗುತ್ತೆ. ನೋಡೋಕೆ ಚೆನ್ನಾಗಿಲ್ಲ ಅಂದೋರೇ ಜಾಸ್ತಿ, ಆದ್ರೂ ಹಿಂದೆ ಬೇರೆ ಡಿಕ್ಕಿ ಇಲ್ಲದ ಹ್ಯಾಚ್‌ಬ್ಯಾಕ್ ರೇಟಿನ ಹತ್ರ ಡಿಕ್ಕಿ ಇರೋ ಕಾರು ಸಿಕ್ತು ಅಂತ ಜನ ತಗೊಂಡ್ರು. ನಮ್ಮಲ್ಲಿ ಡಿಕ್ಕಿ ಇದ್ರೆ ತಾನೆ ಅದು ಪೂರ್ತಿ ಕಾರು, ಮದುವೆ ಮನೆಗೆ ಹೋಗೋಕೂ ಹೆಣ್ಣು ನೋಡೋಕೆ ಹೋಗೋಕೂ ಒಂದು ಗೌರವ, ಈ ಮನಸ್ಸು ಕಂಪನಿಗಳಿಗೆ ಚೆನ್ನಾಗೇ ಗೊತ್ತಿತ್ತು.

ಅದಾದ ಎರಡೇ ತಿಂಗಳಿಗೆ, ಮಾರ್ಚಲ್ಲಿ, ಸ್ವಿಫ್ಟ್ ಡಿಸೈರ್ ಬಂತು. ಮೊದಲ ಡಿಸೈರ್ 4160 ಮಿಲಿಮೀಟರ್ ಉದ್ದ, ಡಿಕ್ಕಿ 440 ಲೀಟರ್, ತೆರಿಗೆ ಪೂರ್ತಿ. ಜನ ಮುಗಿಬಿದ್ದು ತಗೊಂಡ ಕಾರದು, ಬದಲಾಯಿಸೋ ಅಗತ್ಯನೇ ಕಾಣ್ತಿರಲಿಲ್ಲ. ಆದ್ರೂ 2012ರ ಫೆಬ್ರವರಿಯಲ್ಲಿ ಹೊಸ ಡಿಸೈರ್ ಬಂದಾಗ ಅದರ ಉದ್ದ 3995, ಡಿಕ್ಕಿ 316 ಲೀಟರ್. ಮುಕ್ಕಾಲು ಗೇಣಿನಷ್ಟು ಕತ್ತರಿಸಿದ್ದಕ್ಕೆ 124 ಲೀಟರ್ ಜಾಗ ಹೋಯ್ತು, ಅಂದ್ರೆ ಒಂದು ದೊಡ್ಡ ಸೂಟ್‌ಕೇಸಿನಷ್ಟು. ಹಳೇದು ಹೊಸದು ಎರಡನ್ನೂ ಪಕ್ಕದಿಂದ ನೋಡಿ, ಹಳೇದರಲ್ಲಿ ಡಿಕ್ಕಿ ಮೇಲೆ ಎರಡು ಟಿಫನ್ ಕ್ಯಾರಿಯರ್ ಇಡೋವಷ್ಟು ಚಪ್ಪಟೆ ಜಾಗ ಇದೆ, ಹೊಸದರಲ್ಲಿ ಒಂದು ಕೈ ಊರಿ ನಿಂತ್ಕೊಳ್ಳೋದೂ ಕಷ್ಟ.

ಈಗ ಎಟಿಯೋಸ್‌ಗೆ ಬರ್ತೀನಿ, ಇದು ನಮ್ಮ ಕರ್ನಾಟಕದ್ದೇ ಕಾರು, ಅದರ ಮೇಲೆ ನನಗೆ ಪ್ರೀತಿ ಇರೋದನ್ನ ಮುಚ್ಚಿಡಲ್ಲ. 2010ರ ಡಿಸೆಂಬರಲ್ಲಿ ಬಿಡದಿಯಲ್ಲಿ ಟೊಯೊಟಾದ ಎರಡನೇ ಪ್ಲಾಂಟ್ ಶುರುವಾಗಿದ್ದು ಇದಕ್ಕೋಸ್ಕರನೇ. ಭಾರತದ ಮನೆಯೋರಿಗೆ ಏನು ಬೇಕು ಅಂತ ಯೋಚಿಸಿ ಮಾಡಿದ ಗಾಡಿ, ಹಿಂದಿನ ಸೀಟಿನ ಕೆಳಗೆ ನೆಲ ಸಮತಟ್ಟು, ಮೂರು ಜನ ಕೂತ್ರೂ ನಡುವಿನವರ ಕಾಲಿಗೆ ಜಾಗ, ಡಿಕ್ಕಿ 595 ಲೀಟರ್. ಡೀಸೆಲ್ ಇಂಜಿನ್ 1364 ಸಿಸಿ, ಅಂದ್ರೆ ಸಣ್ಣ ಕಾರಿನ ಮಿತಿಯ ಒಳಗೇ. ಸೋತಿದ್ದು ಬರೀ ಉದ್ದದಲ್ಲಿ, 265 ಮಿಲಿಮೀಟರ್. ಡಿಸೈರ್ ಶೇ. 12 ಕಟ್ಟೋವಾಗ ಎಟಿಯೋಸ್ ಶೇ. 24 ಕಟ್ತಿತ್ತು, 5 ಲಕ್ಷದ ಫ್ಯಾಕ್ಟರಿ ಬೆಲೆ ಅಂತ ಇಟ್ಕೊಂಡ್ರೆ ಒಂದಕ್ಕೆ 60 ಸಾವಿರ, ಇನ್ನೊಂದಕ್ಕೆ 1 ಲಕ್ಷ 20 ಸಾವಿರ. ಇಷ್ಟು ಹಿಂದೆ ನಿಂತು ಓಟ ಶುರು ಮಾಡಿದ ಮೇಲೆ ಮನೆ ಬಳಕೆಯೋರು ಅದರ ಕಡೆ ಜಾಸ್ತಿ ತಿರುಗಲಿಲ್ಲ. ಕೈ ಹಿಡಿದಿದ್ದು ಟ್ಯಾಕ್ಸಿಯೋರು, ಏರ್‌ಪೋರ್ಟಿಗೆ ನಾಲ್ಕು ಜನರ ಲಗೇಜ್ ಒಂದೇ ಟ್ರಿಪ್ಪಿಗೆ ಹೋಗೋದು ಯಾವ ಗಾಡೀಲಿ ಅಂತ ಅವರಿಗೆ ಗೊತ್ತಿತ್ತು. 2020ಕ್ಕೆ ಎಟಿಯೋಸ್ ನಿಂತೇ ಹೋಯ್ತು.

ಡಿಸೈರ್ ಗೆದ್ದ ಮೇಲೆ ಎಲ್ಲರೂ ಅದೇ ದಾರಿ. 2013ರಲ್ಲಿ ಹೋಂಡಾ ಅಮೇಜ್, 2014ರಲ್ಲಿ ಹ್ಯುಂಡೈ ಎಕ್ಸೆಂಟ್ ಮತ್ತೆ ಟಾಟಾ ಜೆಸ್ಟ್, 2015ರಲ್ಲಿ ಫೋರ್ಡ್ ಆಸ್ಪೈರ್. 2016ರಲ್ಲಿ ಫೋಕ್ಸ್‌ವ್ಯಾಗನ್ ಅಮಿಯೋ ಮಾಡೋವಾಗ ಹಿಂದೆ ಡಿಕ್ಕಿಗೆ ಜಾಗ ಸಾಲದೆ ಮುಂದಿನ ಬಂಪರನ್ನೇ 35 ಮಿಲಿಮೀಟರ್ ಗಿಡ್ಡ ಮಾಡಿದ್ರು. ಎಸ್‌ಯುವಿಗಳೂ ಬಿಡಲಿಲ್ಲ, ಮಹೀಂದ್ರಾ ಝೈಲೋನ ಕತ್ತರಿಸಿ ಕ್ವಾಂಟೋ, ಆಮೇಲೆ ಇಕೋಸ್ಪೋರ್ಟ್, ಬ್ರೆಜಾ, ನೆಕ್ಸಾನ್, ವೆನ್ಯೂ, ಸಾನೆಟ್, ಈಗ ಸ್ಕೋಡಾ ಕೈಲಾಕ್ ತನಕ ಎಲ್ಲಾ ಅದೇ ಗೆರೆ ಮುಂದೆ ಸಾಲಾಗಿ ನಿಂತಿರೋ ಗಾಡಿಗಳು. 2013ರ ಬಜೆಟ್ಟಲ್ಲಿ ದೊಡ್ಡ ಎಸ್‌ಯುವಿಗೆ ಶೇ. 30 ಅಂತ ಮಾಡಿ ಗ್ರೌಂಡ್ ಕ್ಲಿಯರೆನ್ಸ್ 170 ಮಿಲಿಮೀಟರ್ ಅನ್ನೋ ಇನ್ನೊಂದು ಅಳತೆ ತಂದಾಗ ಮಹೀಂದ್ರಾ ಎಕ್ಸ್‌ಯುವಿ500ನ ನೆಲದಿಂದ ಎತ್ತರ 160ಕ್ಕೆ ಇಳಿಸಿದ್ದೂ ಆಯ್ತು. ಹಳ್ಳ ದಿಣ್ಣೆ ರಸ್ತೆ ಇರೋ ದೇಶದಲ್ಲಿ ತೆರಿಗೆಗಾಗಿ ಗಾಡಿ ನೆಲಕ್ಕೆ ಹತ್ತಿರ ಆಗಬೇಕಾಗಿ ಬಂತಲ್ಲ ಅಂತ ಈಗಲೂ ಸಂಕಟ ಆಗುತ್ತೆ.

ಕಂಪನಿಗಳಲ್ಲಿ ಕೆಲಸ ಮಾಡಿದವರ ಶ್ರಮ ಸಣ್ಣದು ಅಂತ ನಾನು ಹೇಳ್ತಿಲ್ಲ. 2024ರ ನವೆಂಬರಲ್ಲಿ ಬಂದ ಡಿಸೈರ್ ನೋಡಿ, ಅದೇ 3995 ಮಿಲಿಮೀಟರಲ್ಲಿ ನೋಡೋಕೂ ಲಕ್ಷಣವಾಗಿದೆ, ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ 5 ಸ್ಟಾರ್ ತಗೊಂಡ ಮೊದಲ ಮಾರುತಿ ಅದು. ಕಟ್ಟುಪಾಡಿನ ಒಳಗೇ ಅಷ್ಟು ಮಾಡಿದ್ದಾರೆ.

ಸ್ಪೋರ್ಟಿ ಸಣ್ಣ ಕಾರು ಇಷ್ಟ ಪಡೋರ ನೋವು ಇನ್ನೊಂದು ಥರ. ಅವರಿಗೆ ಉದ್ದ ಸಮಸ್ಯೆ ಅಲ್ಲ, ಸಿಸಿ ಸಮಸ್ಯೆ. ಸುಜುಕಿ ಸ್ವಿಫ್ಟ್ ಸ್ಪೋರ್ಟ್ ಯುರೋಪಿನಲ್ಲಿ ಮಾರಿದ್ದು 3890 ಮಿಲಿಮೀಟರ್ ಉದ್ದದ್ದು, ಸಣ್ಣ ಕಾರೇ, ಆದ್ರೆ ಇಂಜಿನ್ 1.4 ಲೀಟರ್ ಟರ್ಬೋ. ಇಲ್ಲಿಗೆ ತಂದಿದ್ರೆ ದೊಡ್ಡ ಸೆಡಾನಿನ ತೆರಿಗೆ ಕಟ್ಟಬೇಕಿತ್ತು, ತರಲೇ ಇಲ್ಲ. 2015ರಲ್ಲಿ ಫಿಯಟ್‌ನವರು ಧೈರ್ಯ ಮಾಡಿ ಅಬಾರ್ತ್ ಪುಂಟೋ ತಂದ್ರು, ಉದ್ದ 3989, ಇಂಜಿನ್ 1368 ಸಿಸಿ ಟರ್ಬೋ, 145 ಕುದುರೆ ಶಕ್ತಿ. ಓಡಿಸಿದವರು ಇವತ್ತಿಗೂ ಅದನ್ನ ನೆನೆಸ್ಕೊಳ್ತಾರೆ, ಆದ್ರೆ ಸಣ್ಣ ಕಾರಿಗೆ ದೊಡ್ಡ ಕಾರಿನ ತೆರಿಗೆ ಬಿದ್ದು ಬೆಲೆ 10 ಲಕ್ಷದ ಹತ್ರ ಹೋಗಿತ್ತು. ಹ್ಯುಂಡೈ ಐ20 ಎನ್ ಅಂತ ಯುರೋಪಿನಲ್ಲಿ ಇದ್ದಿದ್ದು 1.6 ಟರ್ಬೋ, 204 ಕುದುರೆ ಶಕ್ತಿ, ನಮಗೆ ಸಿಕ್ಕಿದ್ದು ಎನ್ ಲೈನ್, 1.0 ಟರ್ಬೋ, 120. ಅಷ್ಟೇ ಅಲ್ಲ, ಮಾಮೂಲಿ ಐ20ನೇ ಅಲ್ಲಿ 4040, ಇಲ್ಲಿ 3995. ಮಿತಿಯ ಒಳಗೇ ಇದ್ದು ಖುಷಿ ಕೊಟ್ಟಿದ್ದು ಅಂದ್ರೆ 1197 ಸಿಸಿ ಟರ್ಬೋ ಹಾಕಿದ್ದ ಪೋಲೋ ಜಿಟಿ, ಈಚೆಗೆ 2024ರಲ್ಲಿ ಬಂದ ಆಲ್ಟ್ರೋಜ್ ರೇಸರ್, 1199 ಸಿಸಿ, 120 ಕುದುರೆ ಶಕ್ತಿ. ಆ 1199ರಲ್ಲೇ ಕಾನೂನು ಕಾಣುತ್ತೆ. ಇನ್ನೂ ಜೋರು ಬೇಕು ಅಂದ್ರೆ 2025ರ ಮೇನಲ್ಲಿ ಬಂದ ಗಾಲ್ಫ್ ಜಿಟಿಐ, ಪೂರ್ತಿ ಇಂಪೋರ್ಟ್, 53 ಲಕ್ಷ. ನಡುವೆ ಇರಬೇಕಾದ ಮೆಟ್ಟಿಲುಗಳೇ ಇಲ್ಲ, 25 ವರ್ಷದ ಹುಡುಗ ಹುಡುಗಿಯರು ಸಾಲ ಮಾಡಿಯಾದ್ರೂ ಕೊಳ್ಳಬಹುದಾದ ಒಂದು ಚುರುಕು ಕಾರಿನ ಜಾಗ ಖಾಲಿ ಉಳೀತು.

ಮೇಲಿನ ತುದಿಯಲ್ಲಿ ನಡೆದಿದ್ದು ಇದಕ್ಕೆ ಉಲ್ಟಾ. ಗೆರೆ ದಾಟಿದ ಮೇಲೆ ಎಷ್ಟು ಉದ್ದ ಆದ್ರೇನು. 2024ರಲ್ಲಿ ಬಂದ ಮರ್ಸಿಡಿಸ್ ಇ ಕ್ಲಾಸ್, ಬಿಎಂಡಬ್ಲ್ಯು 5 ಸೀರೀಸ್ ಎರಡೂ ಲಾಂಗ್ ವೀಲ್‌ಬೇಸ್ ಗಾಡಿಗಳು, ಅಂದ್ರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ ಹೆಚ್ಚಿಸಿದವು, ಉದ್ದ 5 ಮೀಟರ್ ದಾಟಿದೆ. ಡ್ರೈವರ್ ಇಟ್ಕೊಂಡು ಹಿಂದೆ ಕೂರೋ ಸಾಹುಕಾರರಿಗೆ ಕಾಲು ಚಾಚೋಕೆ ಸುಮಾರು ಅರ್ಧ ಗೇಣು ಜಾಸ್ತಿ ಹಾಕಿ ತರ್ತಾರೆ. ಸಣ್ಣ ಕಾರಿನವರ ಸೂಟ್‌ಕೇಸಿನ ಜಾಗ ಕಿತ್ಕೊಂಡ ಅದೇ ಪೇಟೇಲಿ.

ಜಿಎಸ್‌ಟಿ ಬಂದಾಗ ಈ ಗೆರೆ ಹೋಗುತ್ತೆ ಅಂದ್ಕೊಂಡಿದ್ದೆ, ಹೋಗಲಿಲ್ಲ. 2017ರ ಜುಲೈ 1ರಿಂದ ಎಲ್ಲಾ ಕಾರಿಗೂ ಶೇ. 28, ಅದರ ಮೇಲೆ ಸೆಸ್ಸು, ಸಣ್ಣ ಪೆಟ್ರೋಲ್ ಕಾರಿಗೆ 1, ಡೀಸೆಲ್‌ಗೆ 3, ಮಿಕ್ಕಿದ್ದಕ್ಕೆ 15. ಎರಡೇ ತಿಂಗಳಲ್ಲಿ ಮಿಕ್ಕಿದ್ದರ ಸೆಸ್ಸು ಮತ್ತೆ ಏರಿ ಒಟ್ಟು ತೆರಿಗೆ ಮಧ್ಯಮ ಸೆಡಾನಿಗೆ 45, ದೊಡ್ಡ ಸೆಡಾನಿಗೆ 48, ದೊಡ್ಡ ಎಸ್‌ಯುವಿಗೆ 50 ಆಯ್ತು. ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿ ಮೋಟಾರೂ ಇರೋ ಹೈಬ್ರಿಡ್‌ಗೂ 43 ಬಿತ್ತು, ಬಿಡದಿಯಲ್ಲೇ ಜೋಡಿಸ್ತಿದ್ದ ಕ್ಯಾಮ್ರಿ ಹೈಬ್ರಿಡ್ ಪೆಟ್ರೋಲ್ ಉಳಿಸೋ ಗಾಡಿ ಆಗಿದ್ರೂ ರಿಯಾಯಿತಿ ಕಳ್ಕೊಂಡು ದುಬಾರಿ ಆಯ್ತು. 2025ರ ಸೆಪ್ಟೆಂಬರ್ 22ರಿಂದ ಸೆಸ್ಸು ತೆಗೆದು ಎರಡೇ ದರ ಉಳಿಸಿದ್ರು, ಸಣ್ಣದಕ್ಕೆ 18, ಉಳಿದ ಪೆಟ್ರೋಲ್ ಡೀಸೆಲ್ ಕಾರಿಗೆಲ್ಲಾ 40. ನವರಾತ್ರಿಯ ಮೊದಲ ದಿನ ಅದು, ಷೋರೂಮುಗಳ ಮುಂದೆ ಜಾತ್ರೆ. ಬೆಲೆ ಇಳಿದಿದ್ದಕ್ಕೆ ನನಗೂ ಖುಷಿನೇ. ಆದ್ರೆ ಆ ಗೆರೆಯ ಈಚೆ ಆಚೆಯ ಅಂತರ ಮಾತ್ರ ಲೆಕ್ಕ ಹಾಕಿ ನೋಡಿ, 2006ರಲ್ಲಿ 8, 2008ರಲ್ಲಿ 12, 2017ರ ಕೊನೆಗೆ ಪೆಟ್ರೋಲ್ ಕಾರಲ್ಲಿ 16, ಈಗ 22. ಎಲ್ಲಾ ಸಲವೂ ಸರಳ ಮಾಡ್ತೀವಿ ಅಂತಾನೇ ಗೋಡೆ ಎತ್ತರ ಆಗ್ತಾ ಬಂದಿದೆ.

ನಮ್ಮ ರಾಜ್ಯದಲ್ಲಿ ಇದು ಇನ್ನೂ ಜೋರಾಗಿ ಬಡಿಯುತ್ತೆ. ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸು ಉದ್ದ ನೋಡಲ್ಲ, ಬೆಲೆ ನೋಡುತ್ತೆ, 5ರಿಂದ 10 ಲಕ್ಷದ ಗಾಡಿಗೆ ಶೇ. 14, 10ರಿಂದ 20 ಲಕ್ಷಕ್ಕೆ ಶೇ. 17. ಒಂದೇ 8 ಲಕ್ಷ ಮೂಲ ಬೆಲೆಯ ಎರಡು ಪೆಟ್ರೋಲ್ ಸೆಡಾನ್ ಇದೆ ಅಂತ ಇಟ್ಕೊಳ್ಳಿ, ಒಂದು 3995 ಮಿಲಿಮೀಟರ್, ಇನ್ನೊಂದು ಒಂದು ಗೇಣು ಜಾಸ್ತಿ. ಮೊದಲನೇದು ಜಿಎಸ್‌ಟಿ ಸೇರಿ 9.44 ಲಕ್ಷ, ಎರಡನೇದು 11.20 ಲಕ್ಷ. ಬೆಲೆ 10 ಲಕ್ಷ ದಾಟಿದ್ದಕ್ಕೆ ಆರ್‌ಟಿಓ ದರವೂ ಮೇಲಿನ ಸ್ಲ್ಯಾಬಿಗೆ ಹೋಗಿ ಮೊದಲನೇದಕ್ಕೆ 1.32 ಲಕ್ಷ, ಎರಡನೇದಕ್ಕೆ 1.90 ಲಕ್ಷ. ಒಟ್ಟು 2 ಲಕ್ಷ 34 ಸಾವಿರ ವ್ಯತ್ಯಾಸ, ಲೈಫ್‌ಟೈಮ್ ಟ್ಯಾಕ್ಸಿನ ಮೇಲಿನ ಸೆಸ್ಸು, ಇನ್ಶೂರೆನ್ಸ್ ಬೇರೆ. ತೆರಿಗೆ ಮೇಲೆ ತೆರಿಗೆ ಬೆಳೆಯೋದು ಹೀಗೆ.

ಜಪಾನಲ್ಲೂ ಕೇ ಕಾರು ಅಂತ ಇದೆಯಲ್ಲ, 3.4 ಮೀಟರ್, 660 ಸಿಸಿ, ಅದಕ್ಕೂ ತೆರಿಗೆ ಕಮ್ಮಿ ಅಂತ ಕೆಲವರು ಹೇಳ್ತಾರೆ. ನಿಜ, ಆದ್ರೆ ಅದು ಮೊದಲಿಂದಲೂ ಬೇರೆ ಜಾತಿಯ ಗಾಡಿ ಅಂತಾನೇ ಬೆಳೆದಿದ್ದು, ಅಲ್ಲಿನ ಇಕ್ಕಟ್ಟು ಬೀದಿಗೆ ಅಂತ. ಸೆಡಾನಿನ ಬಾಲ ಕತ್ತರಿಸಿ ಮಾಡಿದ್ದಲ್ಲ. ನಮ್ಮಲ್ಲಿ ಇದೇ ಅಳತೆ ಈಗ ತೆರಿಗೆ ಬಿಟ್ಟು ಬೇರೆ ಕಡೆಗೂ ಹರಡ್ತಿದೆ, 2025ರ ಸೆಪ್ಟೆಂಬರಲ್ಲಿ ಬಂದ ಇಂಧನ ದಕ್ಷತೆಯ ಹೊಸ ನಿಯಮಗಳ ಕರಡಲ್ಲಿ ಸಣ್ಣ ಪೆಟ್ರೋಲ್ ಕಾರಿಗೆ ರಿಯಾಯಿತಿ ಅಂತ ಬರೆದಾಗ ಮತ್ತೆ ಅದೇ 4000 ಮಿಲಿಮೀಟರ್, ಅದೇ 1200 ಸಿಸಿ, ಜೊತೆಗೆ 909 ಕೆಜಿ ತೂಕ. ಅದರ ಮೇಲೆ ಕಂಪನಿ ಕಂಪನಿಗಳ ನಡುವೆ ದೊಡ್ಡ ಜಗಳವೇ ಆಯ್ತು. ನನ್ನ ಪ್ರಕಾರ ತೆರಿಗೆ ಹಾಕೋದಾದ್ರೆ ಪ್ರತಿ ಕಿಲೋಮೀಟರಿಗೆ ಎಷ್ಟು ಇಂಗಾಲ ಬಿಡುತ್ತೆ ಅನ್ನೋದಕ್ಕೆ ಹಾಕಿ, ಡಿಕ್ಕಿಗಲ್ಲ.

ಹಾಗೆ ಆದ್ರೆ ಏನಾಗುತ್ತೆ ಅಂತ ನೋಡೋಕೆ ದೂರ ಹೋಗಬೇಕಿಲ್ಲ, ಎಲೆಕ್ಟ್ರಿಕ್ ಕಾರುಗಳನ್ನ ನೋಡಿ. ಅವಕ್ಕೆ ಶೇ. 5 ಜಿಎಸ್‌ಟಿ, ಉದ್ದ ಎಷ್ಟೇ ಇರಲಿ. ಎಂಜಿ ವಿಂಡ್ಸರ್ 4295, ಕರ್ವ್ ಇವಿ 4310, ಮಹೀಂದ್ರಾ ಬಿಇ 6 4371. ಯಾರೂ 3995 ಅಂತ ಟೇಪ್ ಹಿಡ್ಕೊಂಡು ಕೂತಿಲ್ಲ, ಗಾಡಿಗೆ ಎಷ್ಟು ಉದ್ದ ಬೇಕೋ ಅಷ್ಟು ಇದೆ. ಹೋದ ತಿಂಗಳು ಒಂದು ವಿಂಡ್ಸರ್ ನೋಡೋಕೆ ಮಾವನ ಜೊತೆ ಹೋಗಿದ್ದೆ, ಅವರು ಬ್ಯಾಟರಿ ಬಗ್ಗೆ ಒಂದೂ ಕೇಳಲಿಲ್ಲ, ನೇರ ಹಿಂದೆ ಹೋಗಿ ಡಿಕ್ಕಿ ತೆಗೆಸಿ ಎರಡು ಕೈ ಅಗಲ ಮಾಡಿ ಮೂಟೆ ಇಡೋ ಹಾಗೆ ಅಳೆದು ನೋಡಿದ್ರು, "ಗೊನೆ ಅಡ್ಡ ಮಲಗುತ್ತೆ ಕಣೋ" ಅಂದ್ರು.