ಮನೆ ಕಟ್ಟಿಕೊಟ್ಟರೆ ಸಾಕೇ? ಲಾತೂರ್, ಕಚ್ಛ್ ಮತ್ತು ನಮ್ಮ ‘ಆಸರೆ’: ಒಂದು ಅಧ್ಯಯನ ಟಿಪ್ಪಣಿ

ವಿಪತ್ತು ನಿರ್ವಹಣೆ ಓದಲು ಕೂತವರೆಲ್ಲ ಮೊದಲು ಮೂರು ಹಂತ ಬಾಯಿಪಾಠ ಮಾಡುತ್ತೇವೆ: ರಕ್ಷಣೆ, ಪರಿಹಾರ, ಪುನರ್ವಸತಿ. ನಾನೂ ಹಾಗೇ ಮಾಡಿದ್ದೆ. ಆಮೇಲೆ ಮಹಾರಾಷ್ಟ್ರದ ಲಾತೂರ್ ಮತ್ತು ಗುಜರಾತಿನ ಕಚ್ಛ್ ಭೂಕಂಪಗಳನ್ನು ಪಕ್ಕಪಕ್ಕ ಇಟ್ಟು ಓದಿದೆ. ಆಗ ಹುಟ್ಟಿದ ಪ್ರಶ್ನೆ ಇನ್ನೂ ತಲೆಯಿಂದ ಹೋಗಿಲ್ಲ. ನೆರವು ಬರುವಾಗ ತೀರ್ಮಾನ ಯಾರದ್ದಿರಬೇಕು? ಕೊಡುವವರದ್ದೋ, ಕಳೆದುಕೊಂಡವರದ್ದೋ? ಮೂರೂ ಹಂತಗಳನ್ನು ಈ ಪ್ರಶ್ನೆ ಹಿಡಿದುಕೊಂಡೇ ಓದೋಣ.

ರಕ್ಷಣೆಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಒಂದು ಮಾತು ನೆನಪಿಡಿ: ಮೊದಲ ಗಂಟೆಗಳಲ್ಲಿ ಜೀವ ಉಳಿಸುವವರು ಹೆಚ್ಚಾಗಿ ಅಕ್ಕಪಕ್ಕದವರೇ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಕೆಳಗೆ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ (ಎನ್‌ಡಿಆರ್‌ಎಫ್) ಇದೆ, ಅದು ಬರುತ್ತದೆ. ಆದರೆ ಬಂದು ತಲುಪಲು ಹೊತ್ತು ಬೇಕಲ್ವಾ? 2018ರ ಕೇರಳದ ಪ್ರವಾಹದಲ್ಲಿ ಕರಾವಳಿಯ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೆ ಹೇರಿಕೊಂಡು ಒಳನಾಡಿಗೆ ಹೋದರು. ಮನೆಗಳಲ್ಲಿ ಸಿಕ್ಕಿಬಿದ್ದಿದ್ದ ಸಾವಿರಾರು ಜನರನ್ನು ಹೊರಗೆ ತಂದರು. ದೋಣಿ ಹತ್ತಲಾಗದ ಹೆಂಗಸರಿಗೆ ಒಬ್ಬ ಮೀನುಗಾರ ನೀರಲ್ಲಿ ಬಗ್ಗಿ ತನ್ನ ಬೆನ್ನನ್ನೇ ಮೆಟ್ಟಿಲು ಮಾಡಿಕೊಟ್ಟರು. ಆ ದೃಶ್ಯವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು.

ಇನ್ನು ಪರಿಹಾರ. ನಾವು ಮೊದಲು ಗಂಜಿ ಕೇಂದ್ರ ಅನ್ನುತ್ತಿದ್ದೆವು, ಈಗ ಸರ್ಕಾರಿ ಕಾಗದದಲ್ಲಿ ಅದು ಕಾಳಜಿ ಕೇಂದ್ರ. ಅಂಥ ಕೇಂದ್ರ ಹೇಗಿರಬೇಕು ಅನ್ನುವುದಕ್ಕೆ ಅಂತರರಾಷ್ಟ್ರೀಯ ಅಳತೆಗಳಿವೆ. ಅವುಗಳಿಗೆ ಸ್ಫಿಯರ್ ಮಾನದಂಡ ಎಂದು ಹೆಸರು. ಸ್ವಯಂಸೇವಾ ಸಂಸ್ಥೆಗಳು ಮತ್ತು ರೆಡ್ ಕ್ರಾಸ್ ಚಳವಳಿ ಸೇರಿ 1997ರಲ್ಲಿ ಈ ಕೆಲಸ ಶುರು ಮಾಡಿದವು. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು. ಮಲಗಿ ಏಳಲು 3.5 ಚದರ ಮೀಟರ್ ಜಾಗ. ದಿನಕ್ಕೆ 2,100 ಕ್ಯಾಲೊರಿ ಊಟ. ಶೌಚಾಲಯ ಮೊದಮೊದಲು 50 ಜನಕ್ಕೆ ಒಂದು, ಆಮೇಲೆ 20 ಜನಕ್ಕೆ ಒಂದು.

ಈ ಅಂಕಿಗಳನ್ನು ಸುಮ್ನೆ ಉರು ಹೊಡೆಯಬೇಡಿ. ನಿಮ್ಮೂರಿನ ಶಾಲೆಗೆ ಹಾಕಿ ನೋಡಿ. 20 ಅಡಿ ಉದ್ದ, 20 ಅಡಿ ಅಗಲದ ಒಂದು ಕೋಣೆ ಅಂದರೆ 400 ಚದರ ಅಡಿ. 3.5 ಚದರ ಮೀಟರ್ ಅಂದರೆ ಸುಮಾರು 38 ಚದರ ಅಡಿ. ಅಲ್ಲಿಗೆ ಆ ಕೋಣೆ 10 ಜನಕ್ಕೆ ಸರಿಹೋಗುತ್ತದೆ. 200 ಜನ ಬಂದರೆ 20 ಕೋಣೆ ಬೇಕು, ದಿನಕ್ಕೆ 3,000 ಲೀಟರ್ ನೀರು ಬೇಕು. ಅಷ್ಟು ಕೋಣೆ ಇರುವ ಶಾಲೆ ನಿಮ್ಮ ಹೋಬಳಿಯಲ್ಲಿ ಎಷ್ಟಿವೆ? ಈ ಲೆಕ್ಕ ಮಾಡಿದ ದಿನ ನನಗೆ ಕಾಳಜಿ ಕೇಂದ್ರದ ಕಷ್ಟ ನಿಜವಾಗಿ ಅರ್ಥವಾಯಿತು. ಇನ್ನೊಂದು ವಿಷಯ ಬಿಡಬೇಡಿ. ಗಂಡಸರಿಗೆ ಒಂದು ಶೌಚಾಲಯ ಇದ್ದರೆ ಹೆಂಗಸರಿಗೆ ಮೂರು ಇರಲಿ ಎನ್ನುತ್ತದೆ ಆ ಮಾನದಂಡ. ಬಾಗಿಲಿಗೆ ಒಳಗಿನಿಂದ ಚಿಲಕ, ಹತ್ತಿರದಲ್ಲಿ ದೀಪ ಇಲ್ಲದಿದ್ದರೆ ರಾತ್ರಿ ಯಾರೂ ಅತ್ತ ಹೋಗುವುದಿಲ್ಲ. ಹೋಗಬೇಕಾಗುತ್ತದಲ್ಲ ಎಂಬ ಚಿಂತೆಗೆ ನೀರು ಕುಡಿಯುವುದನ್ನೇ ಕಡಿಮೆ ಮಾಡುವವರಿದ್ದಾರೆ.

ಕೇಳದೆ ಕಳಿಸಿದ ನೆರವು ಏನಾಗುತ್ತದೆ ಅನ್ನುವುದಕ್ಕೆ 2004ರ ಸುನಾಮಿಯೇ ಉದಾಹರಣೆ. ತಮಿಳುನಾಡಿನ ಕರಾವಳಿಯಲ್ಲಿ ಹಳೆ ಬಟ್ಟೆಗಳು ರಸ್ತೆ ಬದಿಯಲ್ಲಿ ರಾಶಿ ಬಿದ್ದವು. ಬೆಸ್ತರ ಕುಟುಂಬಗಳಿಗೆ ಅವು ಬೇಕಿರಲಿಲ್ಲ. ದೆಹಲಿಯ ಗೂಂಜ್ ಸಂಸ್ಥೆ ಆ ರಾಶಿಯನ್ನು ವಿಂಗಡಿಸಿ ಬೇರೆ ಕೆಲಸಕ್ಕೆ ಬಳಸುವ ಹೊಣೆ ಹೊರಬೇಕಾಯಿತು. ಇದರ ಎದುರಿಗೆ ನಮ್ಮ ಉತ್ತರ ಕರ್ನಾಟಕದ ಖಡಕ್ ರೊಟ್ಟಿಯನ್ನು ಇಟ್ಟು ನೋಡಿ. ನೆರೆ ಬಂದ ಊರಿಗೆ ಪಕ್ಕದ ಊರುಗಳವರು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸುತ್ತಾರೆ. ಅದು ವಾರಗಟ್ಟಲೆ ಕೆಡುವುದಿಲ್ಲ, ಒಲೆ ಬೇಡ, ತಿನ್ನುವವರಿಗೆ ಹೊಸ ರುಚಿಯೂ ಅಲ್ಲ. ಆ ಮನೆಯ ಹೆಂಗಸರಿಗೆ ಯಾರೂ ಮಾನದಂಡ ಹೇಳಿಕೊಟ್ಟಿರಲಿಲ್ಲ, ಆದರೆ ಹಸಿದವರು ಏನು ಉಣ್ಣುತ್ತಾರೆ ಅನ್ನುವುದು ಗೊತ್ತಿತ್ತು.

ಈಗ ಮುಖ್ಯ ಭಾಗಕ್ಕೆ ಬರೋಣ, ಪುನರ್ವಸತಿ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಭೂಮಿ ನಡುಗಿತು. ನಮ್ಮ ಬೀದರ್, ಕಲಬುರಗಿಗೆ ಹತ್ತಿರದ ಸೀಮೆ. ಗಣಪತಿ ಬಿಟ್ಟು ಬಂದು ಜನ ಮಲಗಿದ್ದರು. ಕಲ್ಲು, ಮಣ್ಣಿನ ದಪ್ಪ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಎಲ್ಲ ಮೈಮೇಲೆ ಬಿತ್ತು. ಸುಮಾರು 8,000 ಜನ ಸತ್ತರು.

ಸರ್ಕಾರ 52 ಹಳ್ಳಿಗಳನ್ನು ಪೂರ್ತಿ ಬೇರೆ ಜಾಗಕ್ಕೆ ಎತ್ತಿತು. ಮನೆ ಕಟ್ಟಿದ್ದು ಗುತ್ತಿಗೆದಾರರು ಮತ್ತು ದಾನಿ ಸಂಸ್ಥೆಗಳು. ಮನೆಯ ಅಳತೆ ಹೊಲದ ಅಳತೆಯ ಮೇಲೆ ನಿಂತಿತು. ಹೊಲ ಇಲ್ಲದವರಿಗೆ 250 ಚದರ ಅಡಿ, ದೊಡ್ಡ ರೈತರಿಗೆ 750. ಅಂದರೆ ಹಳೆ ಊರಿನ ಮೇಲು–ಕೀಳು ಹೊಸ ಊರಿನ ನಕ್ಷೆಯಲ್ಲೇ ಸೇರಿಹೋಯಿತು. ನನಗೆ ಇದು ತುಂಬಾ ನೋವಿನ ಸಂಗತಿ ಅನ್ನಿಸುತ್ತದೆ. ನೇರ ಬೀದಿಗಳು, ದೂರದೂರ ಮನೆಗಳು. ಅಂಗಳ ಇಲ್ಲ, ದನ ಕಟ್ಟುವ ಜಾಗ ಇಲ್ಲ, ಒಟ್ಟಿಗಿದ್ದ ಅಣ್ಣತಮ್ಮಂದಿರು ಬೇರೆ ಬೇರೆ ಬೀದಿಗೆ. ಕಾಂಕ್ರೀಟ್ ಮನೆಯ ಪಕ್ಕದಲ್ಲೇ ಜನ ತಗಡಿನ ಶೆಡ್ ಹಾಕಿಕೊಂಡರು.

ಆದರೆ ಇಲ್ಲಿ ಸರ್ಕಾರವನ್ನಷ್ಟೇ ದೂರಿದರೆ ಪಾಠ ಅರ್ಧ ಆಗುತ್ತದೆ. ಕಲ್ಲಿನ ಮನೆ ಎಂದರೆ ಜನರೇ ಹೆದರಿದ್ದರು, ಹಳೆ ಊರು ಬೇಡ ಎಂದಿದ್ದವರೂ ಇದ್ದರು. ಮಣ್ಣಡಿಯಿಂದ ಹೆಣ ತೆಗೆದ ವಾರದಲ್ಲಿ ಯಾರಾದರೂ ಹಾಗೆ ಹೇಳುತ್ತಾರೆ. ಹಾಗಾಗಿ ಜನರನ್ನು ಕೇಳಬೇಕು ಅನ್ನುವ ಮಾತಿಗೆ ನಾನು ಇನ್ನೊಂದು ಸೇರಿಸುತ್ತೇನೆ: ಎರಡು ಸಲ ಕೇಳಬೇಕು. ಭಯದಲ್ಲಿದ್ದಾಗ ಒಮ್ಮೆ, ಮತ್ತೆ ಹೊಲಕ್ಕೆ ಹೋಗಲು ಶುರು ಮಾಡಿದಾಗ ಇನ್ನೊಮ್ಮೆ.

ಕಚ್ಛ್ ಭೂಕಂಪ 2001ರ ಜನವರಿ 26ರಂದು, ಬೆಳಿಗ್ಗೆ 8.46ಕ್ಕೆ ಆಯಿತು. ತೀವ್ರತೆ 7.7. ಸರ್ಕಾರಿ ಲೆಕ್ಕದಲ್ಲೇ 13,000ಕ್ಕೂ ಹೆಚ್ಚು ಸಾವು. ಇಲ್ಲೂ ಮೊದಲು ಊರು ಎತ್ತುವ ಮಾತು ಬಂತು. ಹಳ್ಳಿಗಳು ಒಪ್ಪಲಿಲ್ಲ. ಆಗ ಗುಜರಾತ್ ಸರ್ಕಾರ ಹಣವನ್ನು ಮನೆಯವರ ಬ್ಯಾಂಕ್ ಖಾತೆಗೇ ಹಾಕುವ ದಾರಿ ಹಿಡಿಯಿತು. ಮೂರು ಕಂತು: 40, 40, 20 ಪ್ರತಿಶತ. ಎಂಜಿನಿಯರ್ ಬಂದು ನೋಡಿ ಸರಿ ಎಂದ ಮೇಲೆ ಮುಂದಿನ ಕಂತು. ಅವರು ನೋಡುವುದರಲ್ಲಿ ಮುಖ್ಯವಾದದ್ದು ತಳಪಾಯದ ಮೇಲೆ ಮತ್ತು ಕಿಟಕಿ–ಬಾಗಿಲಿನ ನೆತ್ತಿಯ ಮಟ್ಟದಲ್ಲಿ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಪಟ್ಟಿ. ಪೆಟ್ಟಿಗೆಗೆ ಸುತ್ತಲೂ ಹಗ್ಗ ಬಿಗಿದ ಹಾಗೆ ಅದು ನಾಲ್ಕೂ ಗೋಡೆಯನ್ನು ಹಿಡಿದಿಡುತ್ತದೆ. ಊರಿನ ಮೇಸ್ತ್ರಿಗಳಿಗೆ ತರಬೇತಿ ಕೊಟ್ಟರು. ಅಡುಗೆಮನೆ ಎಲ್ಲಿ, ಕೊಟ್ಟಿಗೆ ಎಲ್ಲಿ ಅನ್ನುವುದು ಮನೆಯವರ ಇಷ್ಟ. ಹೀಗೆ ಎದ್ದ ಮನೆಗಳು ಸುಮಾರು ಎರಡು ಲಕ್ಷ.

ಇದರಲ್ಲೂ ಕೊರತೆ ಇತ್ತು. ಬಾಡಿಗೆ ಮನೆಯವರು, ಜಾಗದ ಕಾಗದ ಇಲ್ಲದವರು, ಒಂಟಿ ಮುದುಕರು ಹಿಂದೆ ಬಿದ್ದರು. ಪರೀಕ್ಷೆಯಲ್ಲಿ ಕಚ್ಛ್ ಮಾದರಿಯನ್ನು ಹೊಗಳುವಾಗ ಇದನ್ನೂ ಬರೆಯಿರಿ.

ನಮ್ಮಲ್ಲಿ 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಗೆ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ತೀರಿಹೋದರು. ದಾನಿಗಳ ನೆರವಿನಿಂದ ಸರ್ಕಾರದ ‘ಆಸರೆ’ ಯೋಜನೆಯ ಮನೆಗಳು ಎದ್ದವು. ಎಷ್ಟೋ ಕುಟುಂಬಗಳಿಗೆ ಅವು ನಿಜವಾಗಿ ಆಸರೆಯಾದವು. ಆದರೆ ಹಲವು ಕಡೆ ಮನೆಗಳು ವರ್ಷಗಟ್ಟಲೆ ಖಾಲಿ ಉಳಿದು ಸುತ್ತ ಜಾಲಿ ಬೆಳೆಯಿತು. ಹೊಲ ದೂರ, ನೀರಿಲ್ಲ, ಎತ್ತು ಕಟ್ಟಲು ಜಾಗ ಇಲ್ಲ. ಲಾತೂರಿನ ಪಟ್ಟಿಯೇ ಇದು, ಅಲ್ವಾ? ಹದಿನಾರು ವರ್ಷ ಆದ ಮೇಲೂ.

ಕೊನೆಗೆ, ನನಗೆ ಬಹಳ ಇಷ್ಟವಾದ ಒಂದು ಸಂಗತಿ. ಲಾತೂರಿನಲ್ಲಿ ಎತ್ತದೇ ಉಳಿದ ಊರುಗಳಲ್ಲಿ ಮನೆ ದುರಸ್ತಿ ಮಾಡುವಾಗ ಹಳ್ಳಿಯ ಹೆಂಗಸರ ಗುಂಪುಗಳನ್ನು ‘ಸಂವಾದ ಸಹಾಯಕ’ರೆಂದು ನೇಮಿಸಿದ್ದರು. ಸರ್ಕಾರ ಮತ್ತು ಮನೆಯವರ ನಡುವೆ ಮಾತು ತಲುಪಿಸುವುದು, ಕೆಲಸ ಸರಿಯಾಗಿದೆಯೇ ಎಂದು ನೋಡುವುದು ಅವರ ಪಾಲಿಗೆ ಬಂತು. 2001ರಲ್ಲಿ ಕಚ್ಛ್ ಕುಸಿದಾಗ ಅದೇ ಸೀಮೆಯ ಹೆಂಗಸರು ರೈಲು ಹತ್ತಿ ಗುಜರಾತಿಗೆ ಹೋದರು. ಭಾಷೆ ಬೇರೆ, ಊರು ಬೇರೆ. ಅಲ್ಲಿನ ಹೆಂಗಸರ ಪಕ್ಕ ಕೂತು, ಮನೆ ಬಿದ್ದ ಮೇಲೆ ತಾವು ಏನು ಕಲಿತೆವು, ಎಲ್ಲಿ ಎಡವಿದೆವು ಅಂತ ಹೇಳಿದರು.