ಬ್ಯಾಟರಿ ರೈಲಿಗೆ ಎಷ್ಟು ಯೂನಿಟ್ ಬೇಕು? ಕೋಲಾರ–ಬಂಗಾರಪೇಟೆ ಲೆಕ್ಕ

ಕೋಲಾರದಿಂದ ಬಂಗಾರಪೇಟೆಗೆ ಹಳಿ ಮೇಲೆ ಸುಮಾರು 18 ಕಿ.ಮೀ. ಈ ಮಾರ್ಗಕ್ಕೆ ಕರೆಂಟಿನ ತಂತಿ ಬಂದಾಗಿದೆ, ಬ್ಯಾಟರಿ ಬೇಕಿಲ್ಲ. ಆದರೂ ಲೆಕ್ಕ ಕಲಿಯಲು ನಮಗೆ ಗೊತ್ತಿರುವ ದಾರಿಯೇ ಚೆನ್ನ, ಅಲ್ವಾ? ರೈಲಿನ ತೂಕ 100 ಟನ್, ವೇಗ ಗಂಟೆಗೆ 72 ಕಿ.ಮೀ. ಅಂದುಕೊಳ್ಳಿ. ಏರಿಳಿತ, ಗಾಳಿ, ಫ್ಯಾನು, ಲೈಟು ಸದ್ಯಕ್ಕೆ ಬಿಡಿ.

ಉಕ್ಕಿನ ಗಾಲಿ ಉಕ್ಕಿನ ಹಳಿ ಮೇಲೆ ಬಹಳ ಸಲೀಸಾಗಿ ಉರುಳುತ್ತದೆ. ತಡೆ ಟನ್ನಿಗೆ ಸುಮಾರು 20 ನ್ಯೂಟನ್, ಅಂದರೆ 100 ಟನ್ನಿಗೆ 2,000. ಇದನ್ನು 18,000 ಮೀಟರಿಗೆ ಗುಣಿಸಿದರೆ 36 ಮೆಗಾಜೂಲ್. ಒಂದು ಯೂನಿಟ್ ಅಂದರೆ 3.6 ಮೆಗಾಜೂಲ್, ಹಾಗಾಗಿ ಬರೀ 10 ಯೂನಿಟ್ ಕರೆಂಟು!

ನಾನು ಇಷ್ಟಕ್ಕೇ ಖುಷಿಯಾಗಿ ನೋಟ್‌ಬುಕ್ ಮುಚ್ಚಿದ್ದೆ. ಪಕ್ಕದಲ್ಲಿದ್ದ ಗೆಳೆಯ, "ನಿಂತ ಗಾಡೀನ ಯಾರಪ್ಪ ತಳ್ತಾರೆ?" ಅಂದ. ಹೌದಲ್ಲ! 100 ಟನ್ನನ್ನು ಸೆಕೆಂಡಿಗೆ 20 ಮೀಟರ್ (ಅದೇ ಗಂಟೆಗೆ 72 ಕಿ.ಮೀ.) ವೇಗಕ್ಕೆ ತರಲು 20 ಮೆಗಾಜೂಲ್ ಬೇಕು, ಸುಮಾರು 5.6 ಯೂನಿಟ್. ದಾರಿಯಲ್ಲಿ 3 ಕಡೆ ನಿಂತರೆ ಒಟ್ಟು 4 ಸಲ ಹೊರಡಬೇಕು. ಅದಕ್ಕೇ 22 ಯೂನಿಟ್. ಓಡುವುದಕ್ಕಿಂತ ನಿಂತು ಹೊರಡುವುದೇ ದುಬಾರಿ. ಬ್ರೇಕ್ ಹಾಕುವಾಗ ಮೋಟರನ್ನೇ ಜನರೇಟರ್ ಮಾಡಿ ಇದರಲ್ಲಿ ಒಂದಷ್ಟನ್ನು ವಾಪಸ್ ಪಡೆಯಬಹುದು.

ಅಂತೂ 32 ಯೂನಿಟ್. ಬ್ಯಾಟರಿಗೆ ಇದು ದೊಡ್ಡ ಮಾತಲ್ಲ. ಜಪಾನಿನ 20.4 ಕಿ.ಮೀ. ಉದ್ದದ ಕರಸುಯಾಮ ಮಾರ್ಗದಲ್ಲಿ 2014ರಿಂದ ಬ್ಯಾಟರಿ ರೈಲು ಓಡುತ್ತಿದೆ. ಮುಖ್ಯ ಮಾರ್ಗದಲ್ಲಿ ತಂತಿಯ ಕರೆಂಟು, ಕವಲಿನಲ್ಲಿ ಬ್ಯಾಟರಿ, ಕೊನೆ ಸ್ಟೇಷನ್ನಿನಲ್ಲಿ ಮತ್ತೆ ಚಾರ್ಜ್.

ತಲೆನೋವು ಇರುವುದು ಆ ಚಾರ್ಜ್‌ನಲ್ಲೇ. ಲಂಡನ್ನಿನ ಗ್ರೀನ್‌ಫರ್ಡ್ ಕವಲು ಸುಮಾರು 4 ಕಿ.ಮೀ. ಅಷ್ಟೇ. ಅಲ್ಲಿನ ಬ್ಯಾಟರಿ ರೈಲಿನ ಪ್ರಯೋಗದಲ್ಲಿ ವೆಸ್ಟ್ ಈಲಿಂಗ್ ಸ್ಟೇಷನ್ನಿನಲ್ಲಿ ಮೂರೂವರೆ ನಿಮಿಷದಲ್ಲಿ ಚಾರ್ಜ್ ಮಾಡುತ್ತಾರೆ. ನಮ್ಮ 32 ಯೂನಿಟ್ಟನ್ನು ಅಷ್ಟೇ ಹೊತ್ತಿನಲ್ಲಿ ತುಂಬಬೇಕಾದರೆ ಸುಮಾರು 550 ಕಿಲೋವ್ಯಾಟ್ ಬೇಕು. 10 ಎಚ್‌ಪಿಯ 70ಕ್ಕೂ ಜಾಸ್ತಿ ಬೋರ್ ಮೋಟರ್ ಒಟ್ಟಿಗೆ ಆನ್ ಮಾಡಿದ ಹಾಗೆ. ಊರಿನ ಲೈನು ಇದನ್ನು ತಾಳುತ್ತದಾ?

ಇದಕ್ಕೆ ಲಂಡನ್ನಿನವರ ಉಪಾಯ ಕೋಲಾರದ ರೈತರಿಗೆ ಹೊಸದೇನಲ್ಲ. ಬೋರಿನಲ್ಲಿ ಒಂದಿಂಚು ನೀರು ಬಂದರೆ ನೇರವಾಗಿ ಟೊಮೆಟೊಗೆ ಬಿಡುತ್ತೇವಾ? ರಾತ್ರಿಯೆಲ್ಲ ಕೃಷಿ ಹೊಂಡ ತುಂಬಿಸಿ, ಬೆಳಗ್ಗೆ ಒಂದೇ ಸಲ ಎತ್ತುತ್ತೇವೆ. ಅಲ್ಲೂ ಹಾಗೇ. ಹಳಿ ಪಕ್ಕದ ದೊಡ್ಡ ಬ್ಯಾಟರಿಗಳು ಲೈನಿನಿಂದ ನಿಧಾನವಾಗಿ ತುಂಬಿಕೊಳ್ಳುತ್ತವೆ. ರೈಲು ಬಂದು ನಿಂತಾಗ ಒಮ್ಮೆಗೇ ಸುರಿಯುತ್ತವೆ. ರೈಲಿಗೆ ಚಾರ್ಜ್ ಕೊಡಲು ಹಳಿಗಳ ನಡುವೆ ಹಾಕಿದ ಪಟ್ಟಿಗೆ ಕರೆಂಟು ಬರುವುದು ರೈಲು ಮೇಲಿದ್ದಾಗ ಮಾತ್ರ.

ಏರಿನ ಲೆಕ್ಕ ನಿಮಗೆ ಬಿಟ್ಟಿದ್ದೇನೆ. ಇದೇ ರೈಲು 100 ಮೀಟರ್ ಎತ್ತರ ಹತ್ತಿದರೆ ಎಷ್ಟು ಜಾಸ್ತಿ ಬೇಕು? ನನಗೆ 27 ಯೂನಿಟ್ ಬಂತು.